ಎಡಗೈಗೊಂದು ಕಾಫಿ ಒರಳು

ಆ ಬೆಳಿಗ್ಗೆಯೂ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು. ಎರಡು ಕೊಡ, ಒಂದು ಡ್ರಮ್ಮು ತುಂಬಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲಿನ ಪ್ಯಾಕೆಟ್ಟು ತೊಳೆದು, ಕತ್ತರಿಸಿ, ಕಾಯಲು ಇಟ್ಟೆ. ಎಂದಿನಂತಾದರೆ ಮುಂದಿನ ಕೆಲಸ ಡಿಕಾಕ್ಷನ್ ಇಳಿಸುವುದು. ಅಂದು ಮಾತ್ರ ಹಾಲು ಉಕ್ಕಿ ಬಂದ ಕೂಡಲೇ ಒಲೆ ಆರಿಸಿ, ಅಡುಗೆಮನೆಯಿಂದ ಹೊರಗೆ ಬಂದು, ಹಜಾರದ ಕುರ್ಚಿಯಲ್ಲಿ ಕೈಕಟ್ಟಿ ಕುಳಿತುಕೊಂಡೆ. ಹತ್ತೊಂಬತ್ತು ವರ್ಷದ ನನ್ನ ಸೇವೆಯಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದನ್ನು ಮಾಡಿದ ನೆನಪಿಲ್ಲ.

ಸೇವೆ ಎಂದೆ. ನಾನು ಗೃಹಿಣಿ, ನನ್ನ ಹುದ್ದೆ ಮಧುಗಿರಿಯ ನಮ್ಮ ಮನೆಯ ಅಡುಗೆಮನೆ. ಇದು ಎರಡು ವರ್ಷದ ಹಿಂದಿನ ಮಾತು. ಆ ಅಡುಗೆಮನೆಯಲ್ಲಿ ಎಲ್ಲವೂ ನನ್ನದಾಗಿದ್ದರೂ ಕಾಫಿ ಮಾತ್ರ ಮೊದಲಿನಿಂದಲೂ ನನ್ನದಾಗಿರಲಿಲ್ಲ. ಅದು ನನ್ನ ಅತ್ತೆ ಪುಟ್ಟತಾಯಮ್ಮನವರ ಇಲಾಖೆ. ಮದುವೆಯಾಗಿ ಬಂದ ಮರುದಿನ ನಾನು ಫಿಲ್ಟರಿಗೆ ಕೈ ಹಾಕಿದಾಗ, 'ಅದು ನಂಗಿರ್ಲಿ ಬುಡಮ್ಮ' ಎಂದಿದ್ದರು. ಅವರು ಕಾಫಿ ಇಳಿಸುವಾಗ ನಾನು ಹೂವು ಬಿಡಿಸುತ್ತಲೋ ಕಸ ಗುಡಿಸುತ್ತಲೋ ಇರುತ್ತಿದ್ದೆ. ಹಾಗಾಗಿ ಹೇಗೆ ಮಾಡುತ್ತಾರೆಂದು ನೋಡಿದ್ದೇ ಇಲ್ಲ.

ಆ ವರ್ಷದ ಯುಗಾದಿಯ ಆಸುಪಾಸಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಕಾಲು ನಿಧಾನವಾಗಿ ಸುಧಾರಿಸಿತು, ಬಲಗೈ ಸುಧಾರಿಸಲಿಲ್ಲ. ಕಾಫಿಯ ಕೆಲಸ ನನಗೆ ಬಂತು. ಅತ್ತೆ ಏನೂ ಹೇಳುತ್ತಿರಲಿಲ್ಲ, ಲೋಟದಲ್ಲಿ ಅರ್ಧ ಬಿಡುತ್ತಿದ್ದರು. ಹೇಳುವ ಕೆಲಸವನ್ನು ಪಕ್ಕದ ಮನೆಯ ಜಯಮ್ಮ ವಹಿಸಿಕೊಂಡಿದ್ದರು. ದಿನಾ ಸಂಜೆ ನಮ್ಮ ಜಗಲಿಯಲ್ಲಿ ಒಂದು ಲೋಟ ಕಾಫಿ ಕುಡಿಯುವುದು ಅವರ ಪದ್ಧತಿ. ನಾನು ಕಾನ್ವೆಂಟಿನಲ್ಲಿ ಓದಿದ್ದನ್ನು ಎತ್ತಿ, 'ಇದೇನು ಕಣಮ್ಮ, ಕಾನ್ವೆಂಟ್ ಕಾಫಿ! ಯೂನಿಫಾರಂ ಹಾಕ್ಕಂಡು ಬಂದಂಗೈತೆ. ಒಂಚೂರೂ ಗತ್ತಿಲ್ಲ' ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅತ್ತೆ ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಮಹಡಿಯಿಂದ ಬಟ್ಟೆ ತೆಗೆದುಕೊಂಡು ಇಳಿದಾಗ ಅತ್ತೆ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದರು. ಹಿತ್ತಾಳೆಯ ಫಿಲ್ಟರನ್ನು ಮಂಡಿಗಳ ನಡುವೆ ಹಿಡಿದು, ಕಚ್ಚಿಕೊಂಡಿದ್ದ ಮೇಲಿನ ಪಾತ್ರೆಯನ್ನು ಎಡಗೈಯಲ್ಲಿ ಬಿಡಿಸಲು ನೋಡುತ್ತಿದ್ದರು. ನನ್ನನ್ನು ಕಂಡು ಕೆಳಗಿಟ್ಟರು. 'ತೊಳ್ಯಾಣ ಅಂತ ತಗಂಡೆ' ಎಂದರು. ಫಿಲ್ಟರು ತೊಳೆದೇ ಇತ್ತು. ಅವರ ಸೆರಗಿನ ಅಂಚಿನಲ್ಲಿ ಕಾಫಿ ಪುಡಿ ಅಂಟಿತ್ತು. ಕರೆಂಟಿನ ಮಿಷನ್ ತರಿಸೋಣವೆಂದು ನನ್ನ ಯಜಮಾನರು ಹೇಳಿದಾಗ, 'ಅದು ಮಾಡಿದ್ರೆ ಅದರ ಕಾಫಿ. ನಂದೆಂಗಾಯ್ತದೆ?' ಎಂದುಬಿಟ್ಟರು. ಅವರಿಗೆ ಬೇಕಿದ್ದದ್ದು ಕಾಫಿಯಲ್ಲ, ಕಾಫಿ ಮಾಡುವುದು ಎಂದು ಆಗ ತಿಳಿಯಿತು.

ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ನಮ್ಮಿಂದ ಪ್ರಯೋಗದ ಪುಸ್ತಕ ಬರೆಸುತ್ತಿದ್ದರು: ಉದ್ದೇಶ, ಉಪಕರಣಗಳು, ವಿಧಾನ, ಫಲಿತಾಂಶ. ಮಗಳ ಹಳೆಯ ನೋಟ್ ಪುಸ್ತಕದ ಖಾಲಿ ಹಾಳೆಗಳಲ್ಲಿ ನಾನೂ ಹಾಗೇ ಶುರುಮಾಡಿದೆ. ಉದ್ದೇಶ: ಫಿಲ್ಟರಿನ ಪಾತ್ರೆಗಳನ್ನು ಬಿಗಿದು ಬಿಡಿಸದೆ ಡಿಕಾಕ್ಷನ್ ಇಳಿಸುವುದು. ಉಪಕರಣ: ತಿರುಗಿಸಿ ಒತ್ತುವ ಚಕ್ಕುಲಿ ಒರಳು. ಹಿಟ್ಟು ಒತ್ತುವಂತೆಯೇ ನೆನೆದ ಕಾಫಿ ಪುಡಿಯನ್ನೂ ಒತ್ತಿದರೆ ರಸ ಕೆಳಗೆ ಇಳಿಯಬೇಕಲ್ಲ!

ನನ್ನ ತವರು ಶಿರಾ. ಅಲ್ಲಿ ಕುಕ್ಕರು, ಸ್ಟೌ ರಿಪೇರಿ ಮಾಡುವ ರೆಹಮತ್ ಭಾಯಿ ನಾನು ಲಂಗ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವರು. ಒರಳಿನ ತಳಕ್ಕೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕೂರಿಸಿ, ಒತ್ತುವ ಬಿಲ್ಲೆಯ ಸುತ್ತ ಕುಕ್ಕರಿನ ಗ್ಯಾಸ್ಕೆಟ್, ಅಂದರೆ ಆವಿ ಸೋರದಂತೆ ತಡೆಯುವ ರಬ್ಬರ್ ಬಳೆ, ಕತ್ತರಿಸಿ ಹಾಕಿಕೊಟ್ಟರು. ಮೊದಲ ಸಲ ಗ್ಯಾಸ್ಕೆಟ್ ಸಡಿಲವಾಗಿ ಡಿಕಾಕ್ಷನ್ ಮೇಲಕ್ಕೆ ಚಿಮ್ಮಿ ಕ್ಯಾಲೆಂಡರಿನ ಅರ್ಧ ತಿಂಗಳು ಕಂದಾಯಿತು. 'ಏಕಾದಶಿ ಯಾವತ್ತು ಅಂತ ಇನ್ಮೇಲೆ ಮೂಸಿ ನೋಡ್ಬೇಕು' ಎಂದರು ಯಜಮಾನರು. ಆಮೇಲೆ ರಬ್ಬರಿನ ವಾಸನೆ. ಅದನ್ನು ಮೂರು ಸಲ ಕುದಿಸಿ ಕಳೆದೆ. ಇಪ್ಪತ್ತು ಗ್ರಾಂ ಪುಡಿ, ನೂರು ಎಂ.ಎಲ್. ನೀರು, ನಾಲ್ಕು ನಿಮಿಷ. ಇಪ್ಪತ್ತಮೂರನೇ ಪ್ರಯೋಗದಲ್ಲಿ ದಪ್ಪನೆಯ ಡಿಕಾಕ್ಷನ್ ಇಳಿಯಿತು. ಹೆಮ್ಮೆಯಿಂದ ಒರಳನ್ನು ಅತ್ತೆಯ ಮುಂದಿಟ್ಟೆ.

ಅವರು ಎಡಗೈಯಲ್ಲಿ ಹಿಡಿಕೆ ತಿರುಗಿಸಿದರು. ಹಿಡಿಕೆಯ ಜೊತೆಗೆ ಇಡೀ ಒರಳೇ ಗಿರ್ರನೆ ತಿರುಗಿತು. ಇನ್ನೊಮ್ಮೆ ತಿರುಗಿಸಿದರು. ಒರಳೂ ಇನ್ನೊಮ್ಮೆ ತಿರುಗಿತು.

'ಚೆಂದಾಗೈತೆ. ಆದ್ರೆ ಇದನ್ನ ಹಿಡ್ಕಳೋ ಕೈ ಯಾರ್ದು ಕಣಮ್ಮ?' ಎಂದರು.

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಒಂದೇ ಕೈಯವರಿಗೆಂದು ಮಾಡಿದ ಸಾಮಾನನ್ನು ಇಪ್ಪತ್ತಮೂರು ಸಲವೂ ಎರಡು ಕೈಯಲ್ಲಿ ಪರೀಕ್ಷೆ ಮಾಡಿದ್ದೆ. ಉಪಕರಣಗಳ ಪಟ್ಟಿಯಲ್ಲಿ ಜಾಲರಿ, ಗ್ಯಾಸ್ಕೆಟ್, ಚಮಚ ಎಲ್ಲ ಬರೆದಿದ್ದೆ. ನನ್ನ ಎರಡು ಕೈಗಳನ್ನು ಬರೆದಿರಲಿಲ್ಲ.

ಎರಡು ದಿನ ಆ ಒರಳಿನ ಕಡೆ ನೋಡಲಿಲ್ಲ. ಮೂರನೆಯ ದಿನ ಅವರೆಕಾಯಿ ಸುಲಿಯುತ್ತಿದ್ದಾಗ ಅತ್ತೆಯೇ ಮಾತು ತೆಗೆದರು. 'ಬರಗೂರಲ್ಲಿ ನಮ್ಮವ್ವ ಶಾವಿಗೆ ಒತ್ತೋಳಲ್ಲ, ಕೈಯಾಗೆ ಎಲ್ಲಿ ತಿರುವೋಳು? ಉದ್ದನೆ ಮರದ ಹಿಡಿ ಇರೋದು. ಅದರ ತುದಿ ಮ್ಯಾಲೆ ನಾನು ಕುಂತ್ಕಂಡುಬುಡ್ತಿದ್ದೆ. ಒತ್ತೋಕೆ ಕೈಯೇ ಯಾಕೆ ಬೇಕು, ಭಾರ ಸಾಕು.' ಸ್ವಲ್ಪ ಹೊತ್ತು ಸುಲಿದು, 'ಕಾಫಿ ಮ್ಯಾಲೆ ಕುಂತ್ಕಳಕಾಗಲ್ಲ ಅನ್ನು' ಎಂದು ನಕ್ಕರು. ಅವರು ನಕ್ಕು ಎಂಟು ತಿಂಗಳಾಗಿತ್ತು.

ನಾನು ಮರುದಿನವೇ ಶಿರಾ ಬಸ್ಸು ಹತ್ತಿದೆ. ಆ ಶಾವಿಗೆ ಒರಳಿನಂತೆ ನಾನು ಬರೆದೊಯ್ದ ಚಿತ್ರ ನೋಡಿ ರೆಹಮತ್ ಭಾಯಿ, 'ಕ್ಯಾ ಬೇಟಿ, ಕಾಫಿಗೂ ಬೋರ್‌ವೆಲ್ ಹಾಕ್ಸ್ತೀಯಾ?' ಎಂದರು. ನಿಜಕ್ಕೂ ಅದು ಕೈಪಂಪಿನಂತೆಯೇ ಇತ್ತು. ಅಡುಗೆಮನೆಯ ಕಟ್ಟೆಯ ಕಲ್ಲಿಗೆ ಬಿಗಿಯುವ ಒಂದು ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಜಾಲರಿ ತಳದ ಸ್ಟೀಲ್ ಕೊಳವೆ. ಮೇಲೆ ಒಂದೂವರೆ ಅಡಿಯ ಸನ್ನೆಗೋಲು. ಸನ್ನೆಯ ಒಂದು ತುದಿ ಕೀಲಿಗೆ, ನಡುವೆ ಒತ್ತುವ ಬಿಲ್ಲೆ. ಇನ್ನೊಂದು ತುದಿಗೆ ಮೊಣಕೈ ಊರಿದರೆ ಸಾಕು. ಭಾಯಿ ತಮ್ಮ ಬಲಗೈಯನ್ನು ಜುಬ್ಬಾದ ಜೇಬಿಗೆ ಇಳಿಬಿಟ್ಟು, ಎಡಗೈಯಿಂದಲೇ ಐದಾರು ಸಲ ಒತ್ತಿ ನೋಡಿ ನನಗೆ ಕೊಟ್ಟರು. ನನಗೆ ಹೊಳೆಯದಿದ್ದದ್ದು ಅದೇ.

ಅದನ್ನು ಕಲ್ಲಿಗೆ ಬಿಗಿದ ಮರುದಿನದ ಬೆಳಿಗ್ಗೆಯೇ ನಾನು ಹಜಾರದಲ್ಲಿ ಕೈಕಟ್ಟಿ ಕುಳಿತದ್ದು. 'ನೀನು ಒಳಗೆ ಬರಬ್ಯಾಡ' ಎಂದು ಅತ್ತೆ ಕರಾರು ಹಾಕಿದ್ದರು. ಬಾಗಿಲ ಸಂದಿಯಲ್ಲಿ ಅವರ ಎಡ ಮಗ್ಗುಲು, ಎಡಗೈ ಕಾಣುತ್ತಿದ್ದವು. ಮೊದಲಿಗೇ ತೊಡಕು. ಕಾಫಿ ಪುಡಿಯ ಡಬ್ಬದ ಬಿಗಿ ಮುಚ್ಚಳದ ಬಗ್ಗೆ ನಾವು ಯಾರೂ ಯೋಚಿಸಿರಲಿಲ್ಲ. ಡಬ್ಬ ಒಮ್ಮೆ ಜಾರಿತು. ಎರಡನೇ ಸಲ ಕಲ್ಲಿಗೆ ಬಡಿಯಿತು. ನಾನು ಎದ್ದು ನಿಂತೆ. ಒಂದು ಹೆಜ್ಜೆಯನ್ನೂ ಇಟ್ಟೆ. ಹೋಗಿ ತೆಗೆದುಕೊಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಆ ಕಾಫಿ ಮತ್ತೆ ನನ್ನದಾಗುತ್ತಿತ್ತು. ಕುಳಿತೆ. ಅತ್ತೆ ಡಬ್ಬವನ್ನು ಕಲ್ಲಿಗೂ ಹೊಟ್ಟೆಗೂ ನಡುವೆ ಒತ್ತಿ ಹಿಡಿದು, ಚಮಚದ ಹಿಡಿಯಿಂದ ಮುಚ್ಚಳ ಮೀಟಿದರು. ಟಪ್ಪೆಂದಿತು.

ಮೂರು ಚಮಚ ಪುಡಿ. ಕೊಳವೆಗೆ ಎರಡು ಏಟು. ಆಮೇಲೆ, ಒತ್ತಿದರೆ ನೀರು ಸುರಿಯುವ ಫ್ಲಾಸ್ಕಿನಿಂದ ಒಂದೇ ಒಂದು ಒತ್ತು ಬಿಸಿನೀರು ಬಿಟ್ಟು ಸುಮ್ಮನೆ ನಿಂತರು. ಮರೆತರೇನೋ ಎಂದುಕೊಂಡೆ. ಪುಡಿ ಉಬ್ಬಲಿ ಎಂದು ಕಾಯುತ್ತಿದ್ದರು! ಉಳಿದ ನೀರು ಆಮೇಲೆ. ನಾನು ಎಂಟು ತಿಂಗಳಿಂದ ಎಲ್ಲ ನೀರನ್ನೂ ಒಮ್ಮೆಗೇ ಸುರಿಯುತ್ತಿದ್ದೆ. ನಾಲ್ಕು ನಿಮಿಷ ಅಳೆಯಲು ಅವರಿಗೆ ಗಡಿಯಾರ ಬೇಕಿರಲಿಲ್ಲ; ಮೂಗು ಹೇಳಿತು. ಸನ್ನೆಗೆ ಮೊಣಕೈ ಊರಿ ವಾಲಿದರು. ಕೀಲು ಕಿರ್ರೆಂದಿತು. ಕೆಳಗಿನ ಲೋಟದಲ್ಲಿ ಹನಿಯ ಸದ್ದು.

ಒಂದೊಂದೇ ಲೋಟ ತಂದರು. ಮೊದಲನೆಯದನ್ನು ನನ್ನ ಕೈಗಿಟ್ಟು 'ಕುಡಿ' ಎಂದರು. ಎರಡನೆಯದನ್ನು ತಂದು ನನ್ನ ಪಕ್ಕದಲ್ಲಿ ಕುಳಿತು ಪೂರ್ತಿ ಕುಡಿದರು.

ಪುಸ್ತಕದಲ್ಲಿ ಫಲಿತಾಂಶ ಎಂದು ಬರೆದು ಬಹಳ ಹೊತ್ತು ಯೋಚಿಸಿದೆ. ಇನ್ನೊಬ್ಬರಿಗಾಗಿ ಮಾಡುವಾಗ ಮೊದಲು ಅವರ ಕೈಯಿಂದ ಮಾಡಿ ನೋಡಬೇಕು, ಮಾಡಿಕೊಟ್ಟ ಮೇಲೆ ನಮ್ಮ ಕೈ ತೆಗೆಯಬೇಕು ಎಂದು ಬರೆದೆ. ಮೊದಲನೆಯದಕ್ಕಿಂತ ಎರಡನೆಯದು ಕಷ್ಟ.

ಸಂಜೆಯೂ ಅತ್ತೆಯೇ ಡಿಕಾಕ್ಷನ್ ಒತ್ತಿ, ಹಾಲು ಬೆರೆಸಿಟ್ಟು, ಜಗಲಿಗೆ ಹೋಗಿ ಕುಳಿತರು. ಒರಳಿನ ವಿಷಯ ತಿಳಿಯದ ಜಯಮ್ಮ ಬಂದರು. ನಾನು ಲೋಟಗಳನ್ನು ತಂದುಕೊಟ್ಟೆ. ಅವರು ಗೊರವನಹಳ್ಳಿ ಬಸ್ಸಿನ ನೂಕುನುಗ್ಗಲಿನ ಕಥೆ ಹೇಳುತ್ತಾ ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು, ಲೋಟದೊಳಕ್ಕೆ ಒಮ್ಮೆ ಇಣುಕಿದರು. ಅತ್ತೆ ನನ್ನತ್ತ ನೋಡಿ, ಬಾಯಿ ಬಿಡಬೇಡವೆಂದು ಕಣ್ಣಲ್ಲೇ ಹೇಳಿದರು.

'ಅಂತೂ ನಿನ್ನ ಸೊಸೆ ಕಲ್ತುಬುಟ್ಲು ಕಣಮ್ಮ ಪುಟ್ಟತಾಯಿ,' ಎಂದರು ಜಯಮ್ಮ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ. 'ಥೇಟು ನಿನ್ನ ಕೈದೇ ಕಾಫಿ.'