ಬಾಗಿಲು ತೆರೆಯುವ ಅಧಿಕಾರ

ಪುಟ್ಟಿ, ಚಿನ್ನು,

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಮಲೇಷ್ಯಾಕ್ಕೆ ನಿಮ್ಮಮ್ಮನ ಬಳಿ ಬಂದು, ಇಲ್ಲಿ ಪೆಟಾಲಿಂಗ್ ಜಯಾದ ಒಂದು ಸಲೂನಿನಲ್ಲಿ ಕೆಲಸಕ್ಕಿದ್ದೆ. ಅದನ್ನು ಏಕೆ ಬಿಟ್ಟೆನೆಂದು ಯಾರಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ಮೊದಲು ತಲೆ ತೊಳೆಯುವ ಕೆಲಸ. ಆಮೇಲೆ ಕೂದಲು ನೇರ ಮಾಡುವ ಔಷಧಿ ಹಚ್ಚಲು ಕಲಿತೆ. ಅದರ ಮೇಲೆ ಕಾದ ಇಸ್ತ್ರಿ ಎಳೆದಾಗ ಹೊಗೆ ಏಳುತ್ತದೆ, ಕಣ್ಣು ಗಂಟಲು ಉರಿಯುತ್ತವೆ, ಎಲ್ಲರೂ ಕೆಮ್ಮುತ್ತಾರೆ. ಬಾಗಿಲು ತೆರೆದರೆ ಏಸಿಯ ತಂಪು ಹೋಗಿ ಗಿರಾಕಿಗಳು ಗೊಣಗುತ್ತಾರೆ. ಬರಬರುತ್ತಾ ನನಗೊಬ್ಬಳಿಗೆ ಕೆಮ್ಮು ನಿಂತಿತು. ಯಜಮಾನಿ, ಇಲ್ಲಿಯೇ ಹುಟ್ಟಿದ ತಮಿಳು ಹೆಂಗಸು, ಒಂದು ದಿನ ಎಲ್ಲರೆದುರು ಹೇಳಿದಳು: "ಬಾಗಿಲು ಯಾವಾಗ ತೆಗೀಬೇಕು ಅಂತ ಇನ್ಮೇಲೆ ನೀನೇ ಹೇಳು. ನೀನೇ ಬಾಸ್."

ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದವಳು ನಾನು. ನನ್ನ ಮಾತಿಗಾಗಿ ಅದುವರೆಗೆ ಯಾರೂ ಕಾದಿರಲಿಲ್ಲ. ಆ ವರ್ಷ ಜ್ವರ ಬಂದರೂ ರಜೆ ಹಾಕಲಿಲ್ಲ.

ಜೊತೆಗೆ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳಿದ್ದಳು, ಐದು ತಿಂಗಳ ಬಸುರಿ. ಕಣ್ಣು ಉರಿದಾಗಲೆಲ್ಲ ಬಾಗಿಲು ತೆಗೆಯಲೇ ಎಂದು ನನ್ನನ್ನು ಕೇಳುವಳು. ನಾನು ಗಾಳಿ ಮೂಸಿ ನೋಡಿ, ಏನೂ ಇಲ್ಲ ಎನ್ನುತ್ತಿದ್ದೆ. ಅವಳು ಕಣ್ಣೊರೆಸಿಕೊಂಡು ಮತ್ತೆ ಬಗ್ಗುವಳು.

ಒಂದು ರಜೆಯ ದಿನ ಬೇಳೆ ಒಲೆಗಿಟ್ಟು, ಬೆನ್ನು ಹಾಕಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ನಿಮ್ಮಮ್ಮ ಲಿಫ್ಟಿನಿಂದಲೇ ಓಡಿಬಂದಳು.

"ಸೀದು ಕರಕಲಾಗಿದೆಯಲ್ಲಮ್ಮ, ವಾಸನೆ ಬರ್ಲಿಲ್ವಾ?"

ಅವಳು ಆಚೆ ಹೋದ ಮೇಲೆ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಕಾಫಿಪುಡಿ. ಏನೂ ಇಲ್ಲ. ಎಂದಿನಿಂದ ಹೀಗೆ ಎಂಬುದೂ ತಿಳಿಯಲಿಲ್ಲ.

ಮರುದಿನ ಹುಡುಗಿಗೆ ಹೇಳಿದೆ. ನನಗೆ ವಾಸನೆಯೇ ತಿಳಿಯುವುದಿಲ್ಲ, ನನ್ನನ್ನು ನಂಬಬೇಡ, ಈ ಕೆಲಸ ಬಿಡು ಎಂದೆ. ಅವಳು ನಕ್ಕಳು.

"ನೀವು ಇಷ್ಟು ವರ್ಷ ಆರಾಮ ಅದೀರಲ್ರೀ ಅಕ್ಕಾರ. ನಿಮ್ಮ ಮಾರಿ ನೋಡೇ ನಾ ನಿಂತೇನಿ."

ಯಜಮಾನಿಗೂ ಹೇಳಿದೆ. ಅವಳು ಕೇಳಿಸಿಕೊಂಡು, ವಯಸ್ಸಾಯಿತು, ಮನೆಯಲ್ಲಿ ವಿಶ್ರಾಂತಿ ತಗೋ ಎಂದು ಭುಜ ತಟ್ಟಿದಳು. ನಾನು ಅಲ್ಲಿರುವಾಗಲೇ ಹುಡುಗಿಯನ್ನು ಕರೆದು, ಇನ್ನು ಬಾಗಿಲು ನಿನ್ನದು ಎಂದಳು. ಹುಡುಗಿಯ ಮುಖ ಅರಳಿತು. ಆಗ ಹೊಳೆಯಿತು, ಒಂದು ವಾರದಿಂದ ಅವಳೂ ಕೆಮ್ಮಿರಲಿಲ್ಲ.

ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಿತ್ತು. ನಾನು ಚೀಲ ಎತ್ತಿಕೊಂಡು ಬಂದುಬಿಟ್ಟೆ. ಈಗ ಅವಳ ಫೋನು ಹತ್ತುವುದಿಲ್ಲ. ಆ ಮಗುವಿಗೆ ಏನಾಯಿತೋ ಗೊತ್ತಿಲ್ಲ. ಅವಳಾಗಲಿ, ಆ ಮಗುವಾಗಲಿ, ಏನೂ ಇಲ್ಲ ಎಂದವರು ಯಾರೆಂದು ಕೇಳಿಕೊಂಡು ಬಂದರೆ ಈ ಹಾಳೆಗಳನ್ನು ಕೊಡಿ. ಅಲ್ಲಿಯವರೆಗೆ ಒಂದನ್ನೂ ಕಳೆಯದೆ ಇಟ್ಟುಕೊಳ್ಳಿ.