ವೈಫೈಗೆ ಹಾಕಿದ ಬೀಗ

ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವವನು. ಒಮ್ಮೆ ವೈಫೈ ಕೆಟ್ಟಾಗ ಅದರ ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಅದು ಸರಿಹೋಯಿತು. ಅಂದಿನಿಂದ ನಾನು ಕಂಪನಿಯ ಕಂಪ್ಯೂಟರ್ ತಜ್ಞ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ, ಯಜಮಾನರ ಮನೆಯ ಟಿವಿಯಲ್ಲಿ ಧಾರಾವಾಹಿ ಬಾರದಿದ್ದರೂ ನನಗೇ ಕರೆ.

ಹೀಗಿರುವಾಗ ಒಂದು ಸೋಮವಾರ ಯಜಮಾನರ ಅಪ್ಪಣೆಯಾಯಿತು. "ನೋಡಪ್ಪ, ಎಲ್ರೂ ಮೆಸೇಜ್ ನೋಡ್ಕಂಡೇ ಕೂತವ್ರೆ. ನಮ್ ವೈಫೈನಾಗೆ ಯಾರ ಮೆಸೇಜೂ ಬರ್ದಂಗೆ ಮಾಡ್ಬುಡು." ಈ ಅಪ್ಪಣೆ ಬಂದದ್ದೂ ಮೆಸೇಜಿನಲ್ಲೇ, ಅವರದೇ ದನಿಯಲ್ಲಿ. ಅವರ ಕೋಣೆಗೂ ನನ್ನ ಮೇಜಿಗೂ ನಡುವೆ ಇರುವುದು ಒಂದು ಗಾಜಿನ ಬಾಗಿಲು. ಅವರು ಫೋನಿಗೆ ಮಾತನಾಡುವಾಗ ತುಟಿ ಅಲುಗುವುದು ನನಗೆ ಕಾಣುತ್ತದೆ. ಮಾತು ಮಾತ್ರ ಸ್ವಲ್ಪ ಹೊತ್ತಾದ ಮೇಲೆ ನನ್ನ ಜೇಬಿನಿಂದ ಕೇಳಿಸುತ್ತದೆ. ಎದ್ದು ಬಂದು ಹೇಳಿದರೆ ಯಜಮಾನಿಕೆಗೆ ಕುಂದು ಎಂದು ಅವರ ಭಾವನೆ ಇರಬೇಕು.

ಹಿಂದಿನ ರಾಜರು ಎಷ್ಟೇ ಕೋಪ ಬಂದರೂ ದೂತನನ್ನು ಕೊಲ್ಲುತ್ತಿರಲಿಲ್ಲವಂತೆ. ಶತ್ರುವಿನ ಮಾತಾದರೂ ತಲುಪಲಿ, ಕೇಳಿದ ಮೇಲೆ ಯುದ್ಧ ಮಾಡೋಣ ಎನ್ನುವ ದೊಡ್ಡತನ. ನಾನು ಎರಡು ಗುಂಡಿ ಒತ್ತಿ ಅಷ್ಟೂ ದೂತರನ್ನು ಒಂದೇ ಏಟಿಗೆ ಮುಗಿಸಿದೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಲೆಕ್ಕ ಬರೆಯುವವನ ಕೈಗೆ ಅಧಿಕಾರ ಸಿಗುವುದು ಅಪರೂಪ.

ಅಷ್ಟಕ್ಕೂ ನಮ್ಮವರು ನೋಡುತ್ತಿದ್ದ ಮೆಸೇಜಾದರೂ ಏನು? ನಮ್ಮಲ್ಲಿ ತಯಾರಾಗುವುದು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ. ಅದನ್ನು ಮಾಡುವವರಿಗೆಲ್ಲ ಗುಬ್ಬಿಯ ಕಡೆಯೋ ಕುಣಿಗಲ್ಲಿನ ಕಡೆಯೋ ನಾಲ್ಕು ತೆಂಗಿನ ಮರ ಇದ್ದೇ ಇವೆ. ಮೋಟಾರಿಗೆ ತ್ರೀ ಫೇಸ್ ಕರೆಂಟು ಬೇಕು, ಅದು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಲೈನ್‌ಮನ್‌ಗೆ ಗೊತ್ತು. ಆತ ಊರಿನ ಗುಂಪಿಗೆ ಒಂದು ಸಾಲು ಹಾಕುತ್ತಾನೆ. ಇಲ್ಲಿ ಫೋನು ಟಿಂಗ್ ಎನ್ನುತ್ತದೆ, ಇವರು ಮನೆಗೆ ಒಂದು ಸಾಲು ಹಾಕುತ್ತಾರೆ, ಅಲ್ಲಿ ಮೋಟಾರು ಓಡುತ್ತದೆ. ಇಷ್ಟೇ ವ್ಯವಹಾರ.

ನಮ್ಮ ಶೆಡ್ಡಿನ ತಗಡಿನ ಕೆಳಗೆ ಮೊಬೈಲ್ ಸಿಗ್ನಲ್ ಹಿಡಿಯುವುದಿಲ್ಲ. ವೈಫೈ ಪುಕ್ಕಟೆ ಇರುವಾಗ ನಾನೂ ಸೇರಿ ಕೆಲಸದವರ್ಯಾರೂ ಫೋನಿಗೆ ಬೇರೆ ಇಂಟರ್ನೆಟ್ ಹಾಕಿಸಿದವರಲ್ಲ. ಹಾಗಾಗಿ ಬೀಗ ಬಿದ್ದ ಮೇಲೆ ಒಬ್ಬೊಬ್ಬರೇ ಗೇಟಿನ ಹತ್ತಿರ ಹೋಗಿ ಊರಿಗೆ ಫೋನು ಮಾಡತೊಡಗಿದರು. "ಕರೆಂಟ್ ಬಂತೇನ್ಲಾ? ಇನ್ನೂ ಇಲ್ವಾ? ಅವ್ವನ ಮಂಡಿನೋವು ಹೆಂಗೈತೆ?" ಮೊದಲು ಒಂದು ಟಿಂಗ್‌ನಲ್ಲಿ ಮುಗಿಯುತ್ತಿದ್ದದ್ದು ಈಗ ಅವ್ವನ ಮಂಡಿ, ತಂಗಿಯ ಬಾಣಂತನ, ಎಮ್ಮೆಯ ಹಾಲು ಎಲ್ಲ ವಿಚಾರಿಸಿದ ಮೇಲೇ ಮುಗಿಯುತ್ತಿತ್ತು. ಮೆಸೇಜು ನಿಂತಿತು, ಅದರ ಜೊತೆಗೆ ಕೆಲಸವೂ ನಿಂತಿತು.

ಫೋನು ಮಾಡಿಯೂ ಉಪಯೋಗವಿಲ್ಲದವರು ಒಬ್ಬರಿದ್ದರು. ಪ್ಯಾಕಿಂಗ್ ನೋಡಿಕೊಳ್ಳುವ ಚಂದ್ರಕಲಾ. ಊರು ಅಮೃತೂರಿನ ಹತ್ತಿರ. ಗಂಡ ಲಾರಿ ಹತ್ತಿ ಉತ್ತರದ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಈಕೆ ವಾರವೆಲ್ಲ ತುಮಕೂರಿನ ಅಕ್ಕನ ಮನೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಹೋಗುತ್ತಾರೆ. ತೋಟದ ಮನೆಯಲ್ಲಿ ಇರುವುದು ಅತ್ತೆ ಒಬ್ಬರೇ. ಅವರಿಗೆ ಕಿವಿ ಕೇಳದು, ಓದು ಬಾರದು. ಮನೆಗಿರುವ ಒಂದೇ ಸ್ಮಾರ್ಟ್‌ಫೋನನ್ನು ಅತ್ತೆಗೆ ಕೊಟ್ಟು ಸೊಸೆ ಬಟನ್ ಫೋನು ಇಟ್ಟುಕೊಂಡಿದ್ದಾರೆ. ಪ್ಯಾಕಿಂಗ್ ವಿಭಾಗಕ್ಕೆ ಕಂಪನಿ ಕೊಟ್ಟ ಟ್ಯಾಬ್‌ನಲ್ಲೇ ಅವರಿಬ್ಬರ ಮಾತುಕತೆ. ಲೈನ್‌ಮನ್‌ನ ಸಾಲು ಕಂಡ ಕೂಡಲೇ ಸೊಸೆ ಇಲ್ಲಿಂದ ಮೋಟಾರಿನ ಚಿತ್ರ ಕಳಿಸುತ್ತಿದ್ದರು. ಅತ್ತೆ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ, ಕಾಲುವೆಯಲ್ಲಿ ಹರಿಯುವ ನೀರಿನ ಚಿತ್ರ ತೆಗೆದು ವಾಪಸ್ಸು ಕಳಿಸುತ್ತಿದ್ದರು. ಹೋದ ಮಳೆಗಾಲದಲ್ಲಿ ನೆಟ್ಟ ತೆಂಗಿನ ಸಸಿಗಳಿಗೆ ಹಾಗೆ ನೀರು ಹೋಗುತ್ತಿತ್ತು.

ಬುಧವಾರ ಚಂದ್ರಕಲಾ ನನ್ನ ಮೇಜಿನ ಮುಂದೆ ನಿಂತರು. "ಶನಿವಾರಕ್ಕೆ ಕೆಲ್ಸ ಬುಡ್ತೀನಿ ಸಾರ್. ಬಿಸ್ಲು ಹಿಂಗೈತೆ, ಸಸಿ ಒಣಗೋಯ್ತವೆ. ಅತ್ತೆಗೆ ಹೇಳೋಕೆ ಬೇರೆ ದಾರಿ ಇಲ್ಲ." ಸಿಟ್ಟಿಲ್ಲದೆ ಹೇಳಿದರು. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಬೀಗ ತೆಗೆಯಲು ನನಗೆ ಎರಡು ಗುಂಡಿ ಸಾಕಿತ್ತು, ಆದರೆ ಧೈರ್ಯ ಸಾಲಲಿಲ್ಲ. "ಯಜಮಾನ್ರಿಗೆ ಹೇಳಿ ನೋಡ್ತೀನಿ ಇರಮ್ಮ" ಎಂದೆ.

ಹೇಳಿದೆ ಕೂಡ. ವಿನಯವಾಗಿ, ತಿದ್ದಿ ತೀಡಿ, ಬೀಗ ತೆಗೆಯಬೇಕೆಂದು ಯಜಮಾನರಿಗೆ ಉದ್ದನೆಯ ಮೆಸೇಜು ಬರೆದು ಕಳಿಸಿದೆ. ಅದು ನನ್ನ ಫೋನು ಬಿಟ್ಟು ಕದಲಲಿಲ್ಲ. ಯಾಕೆ ಕದಲಲಿಲ್ಲ ಎಂದು ನನಗೆ ಹೊಳೆದದ್ದು ಗುರುವಾರ ಮಧ್ಯಾಹ್ನ ಊಟ ಮಾಡುವಾಗ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಬಹುದಿತ್ತು. ನಾನು ಅನ್ನ ಕಲಸುತ್ತಾ ಕೂತೆ.

ಶುಕ್ರವಾರ ಬಾಗಿಲು ಅತ್ತ ಕಡೆಯಿಂದಲೇ ತೆರೆಯಿತು. ಗುಬ್ಬಿಗೆ ಹೋಗಬೇಕಿದ್ದ ಮಾಲು ಕುಣಿಗಲ್ಲಿಗೆ ಹೋಗಿಬಿಟ್ಟಿತ್ತು.

"ಗುಬ್ಬಿ ಮಾಲು ಮೊದ್ಲು ಅಂತ ಬೆಳಗ್ಗೇನೆ ಹೇಳಿರ್ಲಿಲ್ವಾ?" ಎಂದರು ಯಜಮಾನರು.

"ಯಾವಾಗ ಹೇಳುದ್ರಿ ಸಾರ್?"

ಅವರು ತಮ್ಮ ಫೋನು ನನ್ನ ಮುಖಕ್ಕೆ ಹಿಡಿದರು. ಸೋಮವಾರದಿಂದ ಅವರು ಹೊರಡಿಸಿದ ಅಪ್ಪಣೆಗಳೆಲ್ಲ ಒಂದೊಂದೇ ಟಿಕ್ ಹೊತ್ತು ಸಾಲಾಗಿ ನಿಂತಿದ್ದವು. "ನನ್ ಮೆಸೇಜ್ ಯಾಕ್ಲಾ ನಿಲ್ಲುಸ್ದೆ?"

"ಯಾರ್ದೂ ಬರ್ಬಾರ್ದು ಅಂದ್ರಲ್ಲ ಸಾರ್."

"ಯಾರ್ದೂ ಅಂದ್ರೆ ಯಾರ್ದೂ ಕಣೋ. ನಂದಲ್ಲ." ಫೋನನ್ನು ಜೇಬಿಗೆ ಹಾಕಿಕೊಂಡರು. "ತಗುದ್ಬುಡು ಅತ್ಲಾಗೆ."

ತೆಗೆದೆ. ಪ್ಯಾಕಿಂಗ್ ಮೇಜಿನ ಮೇಲಿದ್ದ ಟ್ಯಾಬ್ ಒಂದೇ ಸಮನೆ ಟಿಂಗ್ ಟಿಂಗ್ ಎನ್ನತೊಡಗಿತು. ಚಂದ್ರಕಲಾ ಓಡಿದರು, ನಾವೂ ಹಿಂದೆ ಹೋದೆವು. ನೀರಿನ ಚಿತ್ರಗಳು. ಸೋಮವಾರದ ನೀರು, ಮಂಗಳವಾರದ ನೀರು, ಒಂದು ದಿನವೂ ತಪ್ಪಿಲ್ಲ. ಒಂದು ಚಿತ್ರದಲ್ಲಿ ಸ್ಟಾರ್ಟರ್ ಪೆಟ್ಟಿಗೆಯೂ ಅದರ ಮುಂದೆ ಹಾಸಿದ ಗೋಣಿಚೀಲವೂ ಇದ್ದವು. ಸೊಸೆಯಿಂದ ಸುದ್ದಿ ಬಾರದೆ ಹೋದಾಗ ಅತ್ತೆ ಪೆಟ್ಟಿಗೆಯ ಮುಂದೆಯೇ ಕೂತು ಅದರ ಮೂರು ದೀಪ ಯಾವಾಗ ಹೊತ್ತೀತೆಂದು ಕಾದಿದ್ದಾರೆ. ಕರೆಂಟು ಬಂದದ್ದು ತಿಳಿಯಲೆಂದು ಆ ದೀಪ ಕೂರಿಸುವವರು ನಾವೇ. ಕೂರಿಸಿ, ಮಾರಿ, ಕರೆಂಟು ಬಂತೇ ಎಂದು ಗೇಟಿನ ಹತ್ತಿರ ಫೋನು ಹಿಡಿದು ನಿಲ್ಲುವವರೂ ನಾವೇ.

ಚಂದ್ರಕಲಾ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸೋಮವಾರ ಬರ್ತೀನಿ ಸಾರ್" ಎಂದರು. ಅಷ್ಟರಲ್ಲಿ ಕೊನೆಯದೊಂದು ಮೆಸೇಜು ಬಂತು. ಒತ್ತಿದರೆ ಅತ್ತೆಯ ದನಿ. ಕಿವಿ ಕೇಳದವರು ಮಾತನಾಡುವಂತೆ ಅದು ಜೋರಾಗಿತ್ತು, ಇಡೀ ಶೆಡ್ಡಿಗೆ ಕೇಳಿಸಿತು.

"ನೀರ್ ಬುಟ್ಟಿದೀನಿ ಕಣವ್ವ. ಸಸಿ ಎಲ್ಲ ಚೆನ್ನಾಗವೆ. ಪಟ ನೀನ್ ನೋಡ್ದಂಗೇ ಕಾಣಲ್ಲ. ಕಂಪ್ನೀಲಿ ಕೆಲ್ಸ ಜಾಸ್ತಿ ಇರ್ಬೇಕು, ಬುಡು, ಮಾಡ್ಕೋ."

ಯಜಮಾನರು ನನ್ನ ಮುಖ ನೋಡಿದರು, ನಾನು ತಗಡಿನ ಕಡೆ ನೋಡಿದೆ. ಆ ವಾರ ನಮ್ಮ ಕಂಪನಿಯಲ್ಲಿ ಕೆಲಸ ನಡೆದಿದೆ ಎಂದು ನಂಬಿದವರು ಆ ಅತ್ತೆಯೊಬ್ಬರೇ.