ಗುಣಪಾಲ ಹಾಕಿದ ಹಿಡಿ

ಗುಣಪಾಲನಿಗೆ ಸಿಟ್ಟು ಬಂದರೆ ಮೊದಲು ತನ್ನ ಮೇಲೆಯೇ ಬರುತ್ತಿತ್ತು. ಬೈಯಲು ತೀರಾ ಹತ್ತಿರದಲ್ಲಿ ಸಿಗುವ ಮೂರ್ಖ ಅವನೇ ಆದ್ದರಿಂದ. ವಾರವಿಡೀ ಮಣಿಪಾಲದ ಲೇತ್ ವರ್ಕ್‌ಶಾಪಿನಲ್ಲಿ ಸಂಬಳದಾಳು. ಭಾನುವಾರ ಮಾತ್ರ ಇನ್ನಂಜೆಯ ಮನೆಯ ಹಿತ್ತಿಲಲ್ಲಿ ಮಹಾ ಕಮ್ಮಾರ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಮೀನು ಕೊಯ್ಯುವ ಚೂರಿ ಮಾಡುತ್ತಿದ್ದ.

ಕಾರ್ಕಳದ ಕಡೆಯ ಹಳೆಯ ಆಚಾರಿಗಳು ಅಲಗನ್ನಷ್ಟೇ ಕೊಡುತ್ತಿದ್ದರು. ಹಿಡಿಯ ಕೆಲಸ ಚೂರಿ ಕೊಂಡವರದ್ದು, ತಮ್ಮ ಕೈಗೆ ಒಪ್ಪುವಂತೆ ಅವರೇ ಹಾಕಿಸಿಕೊಳ್ಳಬೇಕು. "ಇದೆಂತ ಅರ್ಧಂಬರ್ಧ ವ್ಯಾಪಾರ!" ಎಂದು ನಕ್ಕಿದ್ದ ಗುಣಪಾಲ. ತಾನು ಹಲಸಿನ ಹಿಡಿ ಹಾಕಿ, ಅಲಗಿನ ಮೇಲೆ ಹೆಸರನ್ನೂ ಕೊರೆದು, ಕಾಪು ಪೇಟೆಯ ಸ್ಟ್ಯಾನಿಸ್ಲಾಸರ ಕಬ್ಬಿಣದಂಗಡಿಗೆ ಕೊಟ್ಟ. ಮರ ಹಸಿಯಾಗಿತ್ತು. ಅದು ಒಣಗುವವರೆಗೆ ಕಾಯುವ ತಾಳ್ಮೆ ಮಹಾ ಕಮ್ಮಾರನಿಗೆಲ್ಲಿ?

೧೯೮೪ರ ಮಳೆಗಾಲ ಮುಗಿದು ಬಿಸಿಲು ಬಿದ್ದದ್ದೇ ಹಿಡಿ ಕುಗ್ಗಿತು. ಅಲ್ಲಿಂದ ಚೂರಿ ಕೊಂಡಿದ್ದ ಮೀನು ಮಾರುವ ಕಮಲ ಅಂಜಲ್ ಮೀನಿನ ತಲೆ ಕಡಿಯುವಾಗ ಅಲಗು ಕಳಚಿ ಅವಳ ಬಲಗೈಯನ್ನೇ ಸೀಳಿತು. ಗಾಯ ಮಾಗಿದರೂ ಎರಡು ಬೆರಳು ಮಡಚಲಿಲ್ಲ. ಪರಿಹಾರ ಕೇಳಿ ವಕೀಲರ ನೋಟೀಸು ಬಂದದ್ದು ಗುಣಪಾಲನೊಬ್ಬನಿಗೆ.

ಅವನು ಅಂಗಡಿಗೆ ನುಗ್ಗಿದ. "ಮಾರಿದ್ದು ನೀವಲ್ವಾ? ನಿಮಗೆ ಯಾಕೆ ನೋಟೀಸಿಲ್ಲ?"

"ನಾನು ಬರೀ ಮಾರಿದವ ಮಾರಾಯ," ಎಂದರು ಸ್ಟ್ಯಾನಿಸ್ಲಾಸ್, ಮೊಳೆ ತೂಗುತ್ತಲೇ. "ಹೆಸರು ಯಾರದ್ದು ಉಂಟು ಅದರಲ್ಲಿ? ಬೇಡ ಅಂದಿದ್ದೆ. ನಿನಗೆ ದೊಡ್ಡ ಕಂಪೆನಿ ಆಗ್ಬೇಕಿತ್ತು!"

ಉಡುಪಿಯಲ್ಲಿ ಅವನು ಹಿಡಿದ ವಕೀಲ ವಿಷ್ಣುಮೂರ್ತಿ ದಾರಿ ತೋರಿಸಿದರು: "ಅಲಗು ಮಾತ್ರ ಕೊಟ್ಟದ್ದು, ಹಿಡಿ ಅವಳೇ ಹಾಕಿಸಿದ್ದು ಅಂತ ಹೇಳು. ಊರಿನ ಪದ್ಧತಿಯೇ ಅದು. ಯಾರೂ ಸಂಶಯ ಪಡುವುದಿಲ್ಲ."

ಗುಣಪಾಲನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೇ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಆ ಸುಳ್ಳನ್ನು ಬಾಯಿಪಾಠ ಮಾಡುತ್ತಾ ಕಾಪುವಿನಲ್ಲಿ ಇಳಿದವನು ಮೀನು ಮಾರ್ಕೆಟಿನತ್ತ ನಡೆದ. ಕಮಲ ಎಡಗೈಯಲ್ಲಿ ಬಂಗುಡೆ ಜೋಡಿಸುತ್ತಿದ್ದಳು.

"ಬಂದೆಯಾ? ಹಿಡಿ ನಾನೇ ಹಾಕಿಸಿದ್ದಂತೆ. ಆ ಅಂಗಡಿಯವರು ತಮ್ಮ ಹೆಸರು ಕೆಡಬಾರದೂಂತ ಪೇಟೆಯಿಡೀ ಹೇಳ್ತಾ ಇದ್ದಾರೆ. ನೀನೂ ಅದನ್ನೇ ಹೇಳ್ಲಿಕ್ಕೆ ಬಂದದ್ದಾ?"

"ಕಮಲಕ್ಕ, ನಾನು..."

"ಅಕ್ಕನಂತೆ! ನಿನ್ನ ಚೂರಿ ನನ್ನ ಕೈ ತಿನ್ನುವಾಗ ಅಕ್ಕ ನೆನಪಾಗಲಿಲ್ವಾ?" ಬಲಗೈಯನ್ನು ಅವನ ಮೂಗಿನ ತನಕ ಚಾಚಿದಳು. "ಇದರಲ್ಲಿ ಒಂದು ಮೀನು ಕೊಯ್ದು ತೋರಿಸು, ನೋಡುವಾ."

ಗುಣಪಾಲ ಬಾಯಿಪಾಠ ಮಾಡಿದ್ದನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿನತ್ತ ತಿರುಗಿ ನಡೆದ.

ಮರುದಿನ ವಕೀಲರ ಮೇಜಿನ ಎದುರು ಅವನು ಕೂರಲೂ ಇಲ್ಲ. "ಹಿಡಿ ನಾನೇ ಹಾಕಿದ್ದು. ಹಸಿ ಮರ. ಹಾಗೆಯೇ ಬರೆಯಿರಿ. ಗೊತ್ತಿದ್ದೂ ಸುಳ್ಳು ಹಬ್ಬಿಸುವ ಆ ಅಂಗಡಿಯವರ ಹೆಸರನ್ನೂ ಬರೆಯಿರಿ."

"ತಲೆ ಸರಿ ಉಂಟಾ ನಿನಗೆ? ಸೋಲ್ತಿ!"

"ಸೋಲುವುದು ನಾನಲ್ವಾ? ನೀವು ಯಾಕೆ ಬೆವರುವುದು?"

ವಿಷ್ಣುಮೂರ್ತಿ ಫೈಲು ಕಟ್ಟಿ ಅವನತ್ತ ತಳ್ಳಿದರು. "ಬೇರೆ ವಕೀಲರನ್ನು ನೋಡಿಕೊ ಮಾರಾಯ."

ಗುಣಪಾಲ ಫೈಲನ್ನು ಕಂಕುಳಿಗೆ ಸಿಕ್ಕಿಸಿ ಧಡಧಡ ಮೆಟ್ಟಿಲಿಳಿದ. ರಸ್ತೆಯಲ್ಲಿ ನಿಂತು, ಬುಸುಗುಡುತ್ತಲೇ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುವ ವಕೀಲರು ಈ ಬೀದಿಯಲ್ಲಿ ಯಾರಿದ್ದಾರೆಂದು ಒಂದೊಂದೇ ಬೋರ್ಡು ಓದತೊಡಗಿದ.